ಇಂಡಿ ಬಿಟ್ಟು ಬಂದ ಮೇಲೆ ನನ್ನನ್ನು ನಾನೇ ಬೈದುಕೊಂಡ ದಿನಗಳು

ಈ ಊರಿಗೆ ಬಂದ ಎರಡನೇ ದಿನವೇ ಒಬ್ಬ ಮುದುಕಿ ನನ್ನನ್ನು "ಮುಂಡೇದೆ" ಎಂದಳು. ನಾನು ಅವಳ ಕಾಲಿನ ಗಾಯಕ್ಕೆ ಬ್ಯಾಂಡೇಜು ಸುತ್ತುತ್ತಿದ್ದೆ. "ಅಯ್ಯೋ ಮುಂಡೇದೆ, ಉಂಡ್ಯಾ ಇಲ್ವಾ? ಮೊಕ ಯಾಕಿಂಗ್ ಬಾಡೋಗದೆ?" ಎಂದಳು. ನಮ್ಮ ಬಿಜಾಪುರ ಜಿಲ್ಲೆಯ ಇಂಡಿ ಕಡೆ ಅಂಥ ಮಾತು ಬಿದ್ದರೆ ಜಗಳಕ್ಕೆ ಓಣಿಯೇ ಸೇರುತ್ತದೆ. ನಾನು ಬ್ಯಾಂಡೇಜು ಮುಗಿಸಿ, ಔಷಧಿ ಇಡುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ. ಮುದುಕಿಯ ಮೇಲೆ ಸಿಟ್ಟು ಬರಲಿಲ್ಲ. ಬಂದ ಎರಡೇ ದಿನಕ್ಕೆ ಇವಳಿಗೂ ನಾನು ಎಂಥವಳೆಂದು ಗೊತ್ತಾಗಿಬಿಟ್ಟಿತಲ್ಲ ಎಂದು ಅಳು ಬಂತು.

ಈ ಮಾತು ಇಲ್ಲಿ ಮುದ್ದಿನದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಹಾಲು ಕುಡಿಯುವ ಕೂಸನ್ನೂ ಅಜ್ಜಿಯರು ಹಾಗೇ ಕರೆಯುತ್ತಾರೆ.

ನಾನು ದಾದಿ. ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆ ಹತ್ತಿರದ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸ. ನೇಮಕಾತಿಯ ದಿನ ಊರು ಆರಿಸಿಕೊಳ್ಳಲು ಹೇಳಿದಾಗ, ಇಂಡಿಯಿಂದ ಯಾವುದು ದೂರವೋ ಅದಕ್ಕೇ ಬೆರಳಿಟ್ಟೆ. ಕಾರಣ ಹೇಳಿಬಿಡುತ್ತೇನೆ. ನನ್ನನ್ನು ನೋಡಲು ಬಂದ ಗಂಡಿನವರು ತಂಗಿಯನ್ನು ಕೇಳಿದರು. ಒಂದು ಸಲವಲ್ಲ, ಮೂರು ಸಲ. ಕೊನೆಗೆ ಅವಳ ಮದುವೆ ಮೊದಲು ಆಯಿತು. ಆ ಮದುವೆಯಲ್ಲಿ ನಾನು ಹಂದರದೊಳಗೆ ಬರದೆ ಅಡುಗೆಯವರ ಜೊತೆ ಕೂತು ಉಳ್ಳಾಗಡ್ಡಿ ಹೆಚ್ಚಿದೆ.

ಇಲ್ಲಿ ಬಾಡಿಗೆಗೆ ಸಿಕ್ಕಿದ್ದು ಬಡಗಿ ಆಚಾರ್ರ ಮನೆಯ ಹಿಂದಿನ ಕೋಣೆ. ಬೆಳಿಗ್ಗೆ ಎದ್ದರೆ ಹಲಸಿನ ಮರ ಕುಯ್ದ ಪುಡಿಯ ವಾಸನೆ. ಆಚಾರ್ರು ಮಾತು ಕಡಿಮೆ. ಅವರ ಹೆಂಡತಿ ಸಾಕಮ್ಮನವರು ಗಂಡನ ಪಾಲಿನದನ್ನೂ ಸೇರಿಸಿ ಮಾತಾಡುವವರು. ಮೊದಲ ಭಾನುವಾರವೇ ರಾಗಿಮುದ್ದೆ ಇಟ್ಟರು. ಜೋಳದ ರೊಟ್ಟಿ ಅಗಿದು ಬೆಳೆದ ನಾನು ಅದನ್ನೂ ಅಗಿದೆ. "ಅಗೀಬಾರ್ದು ಕಣವ್ವ, ನುಂಗ್ಬೇಕು!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ನುಂಗಲು ಹೋದೆ, ತುತ್ತು ಗಂಟಲಲ್ಲೇ ನಿಂತಿತು. ಕಣ್ಣಲ್ಲಿ ನೀರು. ಅವರು ನೀರಿನ ಲೋಟ ಕೊಟ್ಟು, "ಬುಡು, ಬುಡು, ಮೆಲ್ಲಗೆ ಕಲ್ತ್ಕತೀಯೆ" ಎಂದರು. 'ಬುಡು' ಎಂದರೆ ನಮ್ಮ 'ಬಿಡು'. ನನಗೆ ಬಿಡುವುದೇ ಬರುತ್ತಿರಲಿಲ್ಲ. ಒಂದು ತುತ್ತು ನುಂಗಲಾರದವಳು ಎಂದು ಆ ವಾರವಿಡೀ ಮನಸ್ಸಿನಲ್ಲೇ ಬೈದುಕೊಂಡೆ.

ಹೀಗಿರುವಾಗ ಒಂದು ತಪ್ಪು ಮಾಡಿದೆ. ಒಂದೇ ಮನೆಯ ಇಬ್ಬರು ಮಕ್ಕಳ ಲಸಿಕೆ ಕಾರ್ಡುಗಳನ್ನು ಅದಲು ಬದಲು ಬರೆದೆ. ಸೂಜಿ ಸರಿಯಾಗೇ ಬಿದ್ದಿತ್ತು, ಮಕ್ಕಳಿಗೆ ಏನೂ ಆಗಿರಲಿಲ್ಲ. ಡಾಕ್ಟರು, "ಕರೆಸಿ ತಿದ್ದಿಕೊಡಿ ಸಿಸ್ಟರ್" ಎಂದಷ್ಟೇ ಹೇಳಿದರು. ಆ ತಾಯಿಯೂ ನಗುತ್ತಲೇ ತಿದ್ದಿಸಿಕೊಂಡು ಹೋದಳು. ಎಲ್ಲರಿಗೂ ಅದು ಅಲ್ಲಿಗೆ ಮುಗಿಯಿತು, ನನಗೆ ಮುಗಿಯಲಿಲ್ಲ. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ಔಷಧಿ ಬಾಟಲಿಯ ಮೇಲಿನ ಹೆಸರನ್ನು ಮೂರು ಮೂರು ಸಲ ಓದುತ್ತಿದ್ದೆ. ನಿನ್ನಿಂದ ಒಂದು ಜೀವ ಹೋಗುತ್ತದೆ, ಅದಕ್ಕೆ ಮೊದಲು ನೀನೇ ಹೋಗು ಎಂಬ ಮಾತು ತಲೆಯೊಳಗೆ ಬಿಡದೆ ನಡೆಯುತ್ತಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ಹೋಗದೆ ಕಾಲುವೆ ಏರಿಯ ಮೇಲೆ ಹೋಗಿ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬದುಕುವುದು ಬೇಡ ಅನ್ನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಊರಲ್ಲೂ ಯಾರಾದರೂ ಹೀಗೆ ನಿಂತಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಅದೇ ದಾರಿಯಲ್ಲಿ ಆಚಾರ್ರು ಮೊಪೆಡ್ಡಿನಲ್ಲಿ ಬಂದರು. ಹಿಂದೆ ಒಂದು ಬಾಗಿಲ ಚೌಕಟ್ಟಿನ ತುಂಡು ಕಟ್ಟಿತ್ತು. ನನ್ನ ಮುಖ ನೋಡಿದವರೇ ಗಾಡಿ ನಿಲ್ಲಿಸಿ, ಹಗ್ಗ ಬಿಚ್ಚಿ, ಆ ಮರವನ್ನು ಏರಿಯ ಪಕ್ಕಕ್ಕೆ ಇಟ್ಟರು.

"ಕೂತ್ಕಳವ್ವ. ಮನೆಗೋಗವ."

"ನಿಮ್ಮ ಕಟಗಿ ಇಲ್ಲೇ ಬಿಡ್ತೀರೇನ್ರಿ?"

"ಅದೆಲ್ಲೋದದು? ಆಮೇಕ್ ಬಂದ್ ತಕಂಡೋಯ್ತೀನಿ. ನೀನ್ ಕೂತ್ಕ."

ಮನೆಯಲ್ಲಿ ಹೆಂಡತಿಗೆ ಏನು ಹೇಳಿದರೋ, ಸಾಕಮ್ಮ ನನ್ನ ಕೋಣೆಗೆ ಬಂದು ಕೂತರು.

"ನಾ ಯಾತಕ್ಕೂ ಉಪಯೋಗಿಲ್ರಿ," ಎಂದೆ. ಹೇಳುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳು ಬಂತು.

ಅವರು ನನ್ನ ಕೈ ಹಿಡಿದುಕೊಂಡರು. "ನಂಗೇನೂ ತಿಳೀದು ಕಣವ್ವ. ಏನ್ ಏಳ್ಬೇಕೋ ಗೊತ್ತಾಗಕಿಲ್ಲ. ತಿಳಿದೋರ್ ತಾವ ಓಗವ. ನಾನೂ ಬತ್ತೀನಿ." 'ತಾವ' ಎಂದರೆ ಇಲ್ಲಿ 'ಹತ್ತಿರ' ಎಂದರ್ಥ. ಸಮಾಧಾನದ ಒಂದು ಸುಳ್ಳನ್ನೂ ಅವರು ಹೇಳಲಿಲ್ಲ. ಆ ವಾರ ನನ್ನನ್ನು ಒಬ್ಬಳೇ ಇರಲು ಬಿಡಲೂ ಇಲ್ಲ.

ಕೆ.ಆರ್.ಪೇಟೆಗೆ ಹೋದರೆ ಗುರುತಿನವರು ಸಿಗುತ್ತಾರೆಂದು ನಾವಿಬ್ಬರೂ ಪಾಂಡವಪುರದ ಬಸ್ಸು ಹತ್ತಿದೆವು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ತೊಂದರೆಗೆ ಸಲಹೆ ಕೊಡುವ, ನಾಗಮಂಗಲ ಕಡೆಯ ಒಬ್ಬ ಮೇಡಂ ಇದ್ದರು. ಕಾಲುವೆಯ ವಿಷಯವನ್ನು ಅವರು ಗಾಬರಿಯಾಗದೆ ಪೂರ್ತಿ ಕೇಳಿದರು, ಔಷಧಿಗಾಗಿ ಅಲ್ಲಿನ ಡಾಕ್ಟರಿಗೂ ತೋರಿಸಿದರು. ಆಮೇಲೆ, "ಈಗ ನಿಮ್ಮ ಮೈಯಲ್ಲಿ ಎಲ್ಲಿ ಬಿಗಿ ಇದೆ?" ಎಂದು ಕೇಳಿದರು.

"ಎಲ್ಲೂ ಇಲ್ರಿ."

"ಹಲ್ಲು?"

ಕಚ್ಚಿ ಹಿಡಿದಿದ್ದೆ. ದವಡೆ ನೋಯುತ್ತಿತ್ತು.

"ಕಾಲ್ಬೆರಳು?"

ಯಾರೋ ನೆಲ ಎಳೆದುಕೊಳ್ಳುತ್ತಾರೆ ಎನ್ನುವ ಹಾಗೆ ಹತ್ತೂ ಬೆರಳು ಚಪ್ಪಲಿಯನ್ನು ಅವುಚಿ ಹಿಡಿದಿದ್ದವು. ದಿನಕ್ಕೆ ನೂರು ಜನರ ನಾಡಿ ಹಿಡಿಯುವವಳಿಗೆ ತನ್ನ ಕಾಲ್ಬೆರಳು ಏನು ಮಾಡುತ್ತಿವೆ ಎಂದು ಗೊತ್ತಿರಲಿಲ್ಲ.

"ಹೆರಿಗೆಗೆ ಬಂದೋಳು ನನ್ನ ಕೈಲಾಗಲ್ಲ ಅಂತ ಅತ್ರೆ ಏನ್ ಹೇಳ್ತೀರಿ?" ಎಂದರು.

"ಆಗ್ತದವ್ವ, ಉಸಿರು ಬಿಡು, ನಾ ಇಲ್ಲೇ ಅದೀನಿ ಅಂತೀನ್ರಿ."

"ಅದನ್ನೇ ನಿಮ್ಗೆ ನೀವು ಹೇಳ್ಕೊಳ್ಳಿ, ನೋಡೋಣ. ಎದೆ ಮೇಲೆ ಕೈ ಇಟ್ಕೊಂಡು."

ಕೈ ಇಟ್ಟೆ. ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಗುರುತಿಲ್ಲದ ಹೆಣ್ಣುಮಗಳಿಗೆ ಸಲೀಸಾಗಿ ಕೊಡುವ ಒಂದು ಮಾತು ನನಗೆ ಕೊಟ್ಟುಕೊಳ್ಳಲು ಆಗಲಿಲ್ಲ. ಮುಂದಿನ ನಾಲ್ಕು ಭೇಟಿಗಳಲ್ಲೂ ಆಗಲಿಲ್ಲ. ಆರನೇ ಸಲ, ಬರುವಾಗ ಬಸ್ಸಿನ ಕಿಟಕಿ ಪಕ್ಕ, ತುಟಿಯಷ್ಟೇ ಅಲುಗಿಸಿ ಹೇಳಿಕೊಂಡೆ. ದೊಡ್ಡದೇನೂ ಆಗಲಿಲ್ಲ. ದವಡೆ ಒಂದು ಕ್ಷಣ ಸಡಿಲವಾಯಿತು. ಮರುದಿನ ಮತ್ತೆ ಬಿಗಿಯಿತು. ಇವತ್ತಿಗೂ ವಾರದಲ್ಲಿ ಮೂರು ದಿನ ಬಿಗಿದೇ ಇರುತ್ತದೆ. ಕೆಲವು ಬೆಳಗು ಹಾಸಿಗೆಯಿಂದ ಏಳುವುದೇ ಒಂದು ಹೆರಿಗೆಯಷ್ಟು ಕಷ್ಟ. ವ್ಯತ್ಯಾಸ ಇಷ್ಟೇ, ಈಗ ನನ್ನೊಳಗೇ ಯಾರೋ ನನ್ನನ್ನು ಬೈಯುತ್ತಿದ್ದಾರೆ ಎಂದು ನನಗೆ ತಿಳಿಯುತ್ತದೆ. ಮೊದಲು ಅದನ್ನೇ ಸತ್ಯ ಅಂದುಕೊಂಡಿದ್ದೆ.

ಹೋದ ತಿಂಗಳು ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕಲು ಊರಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿಗೆ ಹಾಕುವಾಗ ಒಂದು ಹರಿಯಿತು. ಅವ್ವ ತನ್ನ ಹಣೆ ತಾನೇ ಬಡಿದುಕೊಂಡಳು. "ಸುಡ್ಲಿ ನನ್ನ ಕೈ! ಒಂದು ರೊಟ್ಟಿ ನೆಟ್ಟಗ ಮಾಡಾಕ ಬರಂಗಿಲ್ಲ. ಎದಕ್ಕ ಹುಟ್ಟೀನೋ!"

"ಹಂಗ್ಯಾಕ ಬೈಕೋತಿ ಅವ್ವ?"

"ಮತ್ಯಾರು ಬೈಬೇಕು?" ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಹಲಗೆಯಂತೆ ಗಟ್ಟಿಯಾಗಿತ್ತು. ಅರವತ್ತು ವರ್ಷ ಹೀಗೇ ಕೂತಿದ್ದಳೇನೋ. "ಸರಿ ಆ ಕಡೆ, ಒಲಿ ಐತಿ," ಎಂದಳು. "ಬುಡವ್ವ," ಎಂದು ನನ್ನ ಬಾಯಿಂದ ಬಂತು. ಅವ್ವ ತಿರುಗಿ ನೋಡಿದಳು. "ನಮ್ಮ ಮಾತ ಮರತಿ ನೀ," ಎಂದಳು. ಕೋಪವಿರಲಿಲ್ಲ, ಸಂಕಟವಿತ್ತು. ಆ ಗಳಿಗೆಯಲ್ಲಿ ಅವಳನ್ನು ಬಿಟ್ಟು ಬಂದದ್ದು ಮೊದಲ ಬಾರಿಗೆ ನೋಯಿತು.

ಇಲ್ಲಿಗೆ ಮರಳಿದರೆ ಬಸ್ ನಿಲ್ದಾಣದಲ್ಲಿ ಯಾರೋ, "ಬಿಜಾಪುರದ ಸಿಸ್ಟ್ರು ಬಂದ್ಬುಟ್ರು" ಎಂದರು. ಅಲ್ಲಿ ನಾನು ಮಾತು ಮರೆತವಳು, ಇಲ್ಲಿ ಇನ್ನೂ ಬಿಜಾಪುರದವಳು.

ಈ ವರ್ಷ ನಾನು ವರ್ಗಾವಣೆ ಕೇಳಬಹುದು. ಇಂಡಿಯ ಹತ್ತಿರವೇ ಜಾಗ ಖಾಲಿ ಇದೆ. ಅರ್ಜಿಯಲ್ಲಿ ಹೆಸರು ತುಂಬಿದ್ದೇನೆ, ಬೇಕಾದ ಊರಿನ ಜಾಗ ಖಾಲಿ ಬಿಟ್ಟಿದ್ದೇನೆ. ನಿನ್ನೆ ಸಾಕಮ್ಮ ಅದನ್ನು ನೋಡಿದರು. "ಒಂಟೋಯ್ತೀಯಾ?" ಎಂದರು. ದನಿ ಸಣ್ಣಗಿತ್ತು.

"ಗೊತ್ತಿಲ್ರಿ," ಎಂದೆ.

ಅಷ್ಟೂ ಗೊತ್ತಿಲ್ಲವಾ ನಿನಗೆ ಎಂದು ಈ ಸಲ ನನ್ನನ್ನು ನಾನು ಬೈದುಕೊಳ್ಳಲಿಲ್ಲ.