ಸೂಜಿ ತೋರಿಸಿದ ದಿಕ್ಕು

ಮೂರು ವರ್ಷದ ಹಿಂದಿನ ಮೇ ತಿಂಗಳು. ವಿಮಾನ ಹಾರಿಸುವ ತರಬೇತಿ ಪಡೆಯುತ್ತಿದ್ದ ನಾನು ಅಂದು ಮೊದಲ ಬಾರಿಗೆ ಒಬ್ಬಳೇ ದೂರದ ಹಾರಾಟಕ್ಕೆ ಹೊರಟಿದ್ದೆ. ಎರಡು ಸೀಟಿನ ಹಳೆಯ ಪುಟ್ಟ ವಿಮಾನ. ಉತ್ತರಕ್ಕಿರುವ ನಮ್ಮ ನಿಲ್ದಾಣದಿಂದ ಸವಣೂರಿನ ಮೇಲೆ ಹಾದು ಹಿರೇಕೆರೂರಿಗೆ ಹೋಗಬೇಕು, ಅಲ್ಲಿಂದ ಹಾನಗಲ್, ಶಿಗ್ಗಾಂವಿ ದಾಟಿ ವಾಪಸ್ಸು ಬರಬೇಕು. ಹಿರೇಕೆರೂರು ನನ್ನ ಊರು. ಅಪ್ಪನಿಗೆ ಅಲ್ಲಿ ಗೋವಿನಜೋಳದ ವ್ಯಾಪಾರ. "ಅಂಗಡಿ ಮ್ಯಾಲ ಬಂದಾಗ ಒಂದೀಟು ರೆಕ್ಕಿ ಅಲುಗಾಡ್ಸವ್ವ, ಮಂದಿಗೆ ತೋರಸ್ತೇನಿ" ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರು.

ನಮ್ಮ ತರಬೇತುದಾರರು ಖಾದರ್ ಸರ್, ಸವಣೂರಿನವರು. ಹೊರಡುವ ಮುಂಚೆ ನಕ್ಷೆ ನನ್ನ ತೊಡೆಯ ಮೇಲಿಟ್ಟು ಹೇಳಿದರು: "ಟ್ಯಾಬ್ ನೋಡ್ಕೋತ ಹಾರಬ್ಯಾಡ. ದಿಕ್ಸೂಚಿ, ಗಡಿಯಾರ, ವೇಗ, ಇಷ್ಟಽ ನೋಡು. ಯಾವ ದಿಕ್ಕಿಗೆ ಎಷ್ಟು ಹೊತ್ತು ಹಾರಿದಿ ಅಂತ ಗೊತ್ತಿದ್ರ ಎಲ್ಲಿ ಅದೀ ಅನ್ನೂದು ಗೊತ್ತಾಗ್ತೈತಿ. ಐದೈದು ನಿಮಿಷಕ್ಕ ಬರಕೋ."

ಇದಲ್ಲದೆ ವಿಮಾನದಲ್ಲಿ ಎರಡು ರೇಡಿಯೊ ಉಪಕರಣಗಳಿದ್ದವು. ಒಂದು ಬಹಳ ನಿಖರ, ಆದರೆ ಅದರ ಅಲೆಗಳು ನೇರವಾಗಿ ಸಾಗುವುದರಿಂದ ತೀರ ಕೆಳಗೆ ಹಾರಿದರೆ ಸಿಗುವುದಿಲ್ಲ. ಇನ್ನೊಂದು ಹಳೆಯ ಕಾಲದ್ದು, ಬರೀ ಒಂದು ಸೂಜಿ. ನಮ್ಮ ನಿಲ್ದಾಣದ ಪಕ್ಕದಲ್ಲಿ ಸದಾ ಸಂಕೇತ ಕಳಿಸುವ ರೇಡಿಯೊ ಕೇಂದ್ರವಿತ್ತು. ವಿಮಾನ ಎಲ್ಲಿದ್ದರೂ ಸೂಜಿ ಅದರತ್ತ ತಿರುಗುತ್ತಿತ್ತು, ಅಂದರೆ ಮನೆಯ ಕಡೆಗೆ. ಆ ಕೇಂದ್ರ ತನ್ನ ಗುರುತಿಗಾಗಿ 'ಟೀ ಟಿಟ್ ಟೀ' ಎಂದು ಬಡಿಯುತ್ತಲೇ ಇರುತ್ತದೆ. ಹೆಡ್‌ಫೋನಿನಲ್ಲಿ ಅದನ್ನು ಕೇಳಿ ಕೇಳಿ ತಲೆನೋವು ಬರುತ್ತದೆಂದು ನಾನು ಸದ್ದನ್ನು ಪೂರ್ತಿ ತಗ್ಗಿಸಿದ್ದೆ. ನಾನು ಮಾಡಿದ ತಪ್ಪು ಅದೇ.

ಹಿರೇಕೆರೂರಿನವರೆಗೆ ಏನೂ ತೊಂದರೆಯಾಗಲಿಲ್ಲ. ಪೇಟೆಯ ಮೇಲೆ ರೆಕ್ಕೆ ಅಲುಗಾಡಿಸಿ ಹಾನಗಲ್ ಕಡೆ ತಿರುಗಿದೆ. ಆಗಲೇ ಪಡುವಣದಲ್ಲಿ ಕಪ್ಪಾಗಿತ್ತು. ದಾರಿ ತೋರಿಸುವ ಟ್ಯಾಬ್ ಬಿಸಿಲಿಗೆ ಕಾದು ತಾನಾಗಿ ಆರಿಹೋಯಿತು. ಮೋಡ ಕೆಳಗಿಳಿದಂತೆ ನಾನೂ ಕೆಳಗಿಳಿದೆ. ಆ ನಿಖರವಾದ ರೇಡಿಯೊ ಉಪಕರಣದ ಮುಖದ ಮೇಲೆ 'ಸಂಕೇತ ಇಲ್ಲ' ಎನ್ನುವ ಕೆಂಪು ಪಟ್ಟಿ ಬಿತ್ತು. ನಿಲ್ದಾಣವನ್ನು ಎರಡು ಸಲ ಕರೆದೆ, ಉತ್ತರ ಬರಲಿಲ್ಲ. ಉಳಿದದ್ದು ಸೂಜಿಯೊಂದೇ.

ಅದು ಮೆಲ್ಲಗೆ ಎಡಕ್ಕೆ ತಿರುಗಿತು. ಗಾಳಿ ನನ್ನನ್ನು ಬಲಕ್ಕೆ ತಳ್ಳಿರಬೇಕು, ಮನೆ ಎಡಕ್ಕಿದೆ ಅಂದುಕೊಂಡೆ. ಮೂರು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೆ ಎಡಕ್ಕೆ ತಿರುಗಿದೆನೆಂದು ಹಾಳೆಯಲ್ಲಿ ಬರೆದು ಸೂಜಿಯ ಹಿಂದೆ ಹೊರಟೆ.

ಹೊಲಗಳು ಮಸುಕಾದವು. ಆಮೇಲೆ ಕಾಣದಾದವು. ರೆಕ್ಕೆಯ ತುದಿಯೂ ಹೋಯಿತು. ಸುತ್ತ ಬೂದಿ ಬಣ್ಣ ಬಿಟ್ಟರೆ ಏನಿಲ್ಲ. ಮುಂದೆ ಹೋಗುತ್ತಿದ್ದೇನೋ, ನಿಂತಿದ್ದೇನೋ ತಿಳಿಯದು. ವಿಚಿತ್ರವೆಂದರೆ ನನಗೆ ಭಯವಾಗಲಿಲ್ಲ. ತೊಟ್ಟಿಲಲ್ಲಿ ಮಲಗಿದಷ್ಟು ಹಿತವಾಗಿತ್ತು. ಸೂಜಿ ಮನೆ ತೋರಿಸುತ್ತಿದೆ, ನಾನು ನೆಟ್ಟಗೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಆಗ ಬೂದಿಯೊಳಗೆ ಎಲ್ಲೋ ಬೆಳಕು ಮಿಂಚಿತು. ಸೂಜಿ ಬೆಚ್ಚಿಬಿದ್ದಂತೆ ಅತ್ತ ನೆಗೆಯಿತು. ಮತ್ತೆ ಮಿಂಚಿತು, ಮತ್ತೆ ನೆಗೆಯಿತು.

ಕೂಡಲೇ ಸದ್ದಿನ ಗುಂಡಿ ತಿರುಗಿಸಿದೆ. 'ಟೀ ಟಿಟ್ ಟೀ' ಇರಲಿಲ್ಲ. ಕಡಲೆ ಹುರಿದಂಥ ಚಟಪಟ ಸದ್ದು ಮಾತ್ರ ಇತ್ತು. ಸಿಡಿಲಿನಿಂದಲೂ ರೇಡಿಯೊ ಅಲೆಗಳು ಹೊರಡುತ್ತವೆ, ಆ ಸೂಜಿಗೆ ಭೇದ ತಿಳಿಯುವುದಿಲ್ಲ ಎಂದು ತರಗತಿಯಲ್ಲಿ ಓದಿದ್ದೆ. ಎಷ್ಟು ಹೊತ್ತಿನಿಂದ ಅದು ನನ್ನನ್ನು ಸಿಡಿಲಿನ ಕಡೆಗೇ ಕರೆದೊಯ್ಯುತ್ತಿತ್ತೋ!

ಎತ್ತರ ನೋಡಿದೆ. ನೆಲದಿಂದ ಸಾವಿರದೈನೂರು ಅಡಿ ಇರಬೇಕಿತ್ತು, ಐನೂರೂ ಇರಲಿಲ್ಲ. ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಗಾಜಿನೊಳಗಿನ ಗೆರೆ ಓರೆಯಾಗಿ ನಿಂತಿತ್ತು. ನನ್ನ ಮೈ ಮಾತ್ರ 'ನೆಟ್ಟಗಿದ್ದೀಯ, ಮುಟ್ಟಬೇಡ' ಅನ್ನುತ್ತಿತ್ತು. "ಮೋಡದಾಗ ಮೈ ಸುಳ್ಳು ಹೇಳ್ತೈತಿ, ಗಾಜು ನಂಬು" ಎಂದು ಖಾದರ್ ಸರ್ ನೂರು ಸಲ ಹೇಳಿದ್ದರು. ಹಲ್ಲು ಕಚ್ಚಿ ಗೆರೆಯನ್ನು ಸಮಮಾಡಿದೆ. ಮಾಡುವಾಗ ಬೋರಲು ಬೀಳುತ್ತಿದ್ದೇನೆ ಅನ್ನಿಸಿ ಬಾಯಿಬಿಟ್ಟು ಅತ್ತೆ.

ಎಲ್ಲಿದ್ದೇನೆಂದು ಗೊತ್ತಿರಲಿಲ್ಲ. ಒಂದು ಮಾತ್ರ ಗೊತ್ತಿತ್ತು: ಪುಣೆ–ಬೆಂಗಳೂರು ಹೆದ್ದಾರಿ ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಹರಿದಿದೆ, ಪೂರ್ವಕ್ಕೆ ಹೋದರೆ ಅದು ಅಡ್ಡ ಬರಲೇಬೇಕು. ಸೂಜಿಯ ಕಡೆ ನೋಡದೆ, ಮೇಲೇರುತ್ತ, ದಿಕ್ಸೂಚಿಯನ್ನು ಪೂರ್ವಕ್ಕೆ ಹಿಡಿದೆ. 'ಮೂರು ಮೂವತ್ತೆಂಟು, ಪೂರ್ವ' ಎಂದು ಬರೆದೆ. ಹದಿನಾರು ನಿಮಿಷ ಕಳೆದ ಮೇಲೆ ಬೂದಿ ಹರಿದು ಬಿಸಿಲು ಬಂತು. ಕೆಳಗೆ ಲಾರಿಗಳ ಸಾಲು! ಎಡಕ್ಕೆ ತಿರುಗಿ, ರಸ್ತೆ ಬಿಡದೆ ಶಿಗ್ಗಾಂವಿ ದಾಟಿ ಬಂದು ಇಳಿದೆ.

ಖಾದರ್ ಸರ್ ಬೈಯಲಿಲ್ಲ. ನೀರು ಕೊಟ್ಟು ನನ್ನ ಹಾಳೆ ಇಸಿದುಕೊಂಡರು. ಬಹಳ ಹೊತ್ತು ನೋಡಿ ಕೇಳಿದರು, "ಇಪ್ಪತ್ನಾಕಕ್ಕ ಎಡಕ್ಕ ಹೊಳ್ಳಿದಿ. ಮುಂದ ಬರದದ್ದು ಮೂವತ್ತೆಂಟಕ್ಕ. ನಡುವ ಏನ್ ಮಾಡಿದಿ?"

"ನೆಟ್ಟಗ ಹಾರಿದೆ ಸರ್. ಐದಾರು ನಿಮಿಷ ಇರಬಹುದು."

"ಐದಾರಲ್ಲವ್ವ, ಹದಿನಾಕು. ಅಷ್ಟೊತ್ತು ನೆಟ್ಟಗ ಹಾರಿದ್ರ ಘಟ್ಟದಾಗ ಇರ್ತಿದ್ದಿ. ಹೆದ್ದಾರಿ ಹದಿನಾರು ನಿಮಿಷದಾಗ ಸಿಗ್ತಿದ್ದಿಲ್ಲ." ಅವರು ಹಾಳೆ ಮಡಚಿ ನನ್ನ ಕೈಗಿಟ್ಟರು.

ನನ್ನ ಆರಕ್ಕೂ ಅವರ ಹದಿನಾಲ್ಕಕ್ಕೂ ನಡುವೆ ಲೆಕ್ಕಕ್ಕೆ ಸಿಗದ ಆ ಎಂಟು ನಿಮಿಷ ನನ್ನನ್ನು ಬಿಡಲಿಲ್ಲ. ರಜೆಗೆ ಊರಿಗೆ ಹೋದಾಗ ಯಾರಿಗೂ ಹೇಳದೆ ಹಾನಗಲ್ ಬಸ್ ಹತ್ತಿದೆ. ಅಲ್ಲಿಂದ ಆಟೊ ಮಾಡಿಕೊಂಡು ಪಡುವಣದ ಹಳ್ಳಿಗಳಲ್ಲಿ ವಿಚಾರಿಸುತ್ತ ಹೋದೆ. ಮೂರನೆಯ ಹಳ್ಳಿಯ ಹೊರಗೆ ವಯಸ್ಸಾದ ಹೆಂಗಸೊಬ್ಬರು ಹುಣಸೆಮರದ ಕೆಳಗೆ ಆಡು ಕಾಯುತ್ತ ಕುಳಿತಿದ್ದರು.

"ಹೋದ ವಾರ ಮೋಡ ಕವದ ದಿನ ವಿಮಾನದ ಸಪ್ಪಳ ಕೇಳಿತೇನ್ರಿ?"

"ಕೇಳದ ಏನವ್ವ!" ಎಂದು ಅವರು ಎದ್ದು ನಿಂತರು. "ಮೋಡದಾಗ ಸುತ್ತಿದ್ದಽ ಸುತ್ತಿದ್ದು. ಒಂದೊಂದು ಸುತ್ತಿಗೂ ಸಪ್ಪಳ ಕೆಳಗ ಕೆಳಗ ಬರಾಕತ್ತಿತ್ತು. ಕಡೀ ಸುತ್ತಿಗೆ ಅದರ ಗಾಲಿ ಕಂಡ್ವು ನೋಡು, ಇಲ್ಲೇ, ಈ ಗಿಡದ ನೆತ್ತಿ ಮ್ಯಾಲ. ಆಡು ದಿಕ್ಕಾಪಾಲಾಗಿ ಓಡಿದ್ವು. ನಾ ನೆಲಕ್ಕ ಬಿದ್ದು ಕಣ್ಣು ಮುಚ್ಚಿದ್ನಿ. ಬಿದ್ದಽ ಬಿತ್ತು ಅಂದ್ಕೊಂಡೆ. ಮುಂದ ಸಪ್ಪಳ ಮ್ಯಾಲ ಹೋತು. ಒಳಗಿದ್ದವ್ರು ಉಳದ್ರೋ ಇಲ್ಲೋ, ಪಾಪ. ನಿನಗ ಅವರು ಏನಾಗಬೇಕವ್ವ?"

"ಅದರಾಗ ಇದ್ದಾಕಿ ನಾನಽ ಬೇ" ಅಂದೆ.

ಅವರು ಹತ್ತಿರ ಬಂದು ನನ್ನ ಮುಂಗೈ ಹಿಡಿದು ಒತ್ತಿ ನೋಡಿದರು. "ಬೆಚ್ಚಗೈತಿ" ಎಂದು ತಮಗೆ ತಾವೇ ಹೇಳಿಕೊಂಡು ಕೈಬಿಟ್ಟರು.

ಈಗ ನನಗೆ ಪರವಾನಗಿ ಬಂದಿದೆ, ಹಾರುತ್ತೇನೆ. ಎಷ್ಟೇ ತಲೆನೋವು ಬಂದರೂ 'ಟೀ ಟಿಟ್ ಟೀ' ಸದ್ದು ತಗ್ಗಿಸುವುದಿಲ್ಲ. ಆದರೆ ಆ ಸುತ್ತುಗಳಲ್ಲಿ ಒಂದೂ ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರುವುದು ತೊಟ್ಟಿಲಿನಂಥ ಆ ಹಿತ ಮಾತ್ರ. ಇಂದಿಗೂ ಆಕಾಶದಲ್ಲಿ 'ಎಲ್ಲ ಸರಿಯಾಗಿದೆ, ನೆಟ್ಟಗೆ ಹೋಗುತ್ತಿದ್ದೇನೆ' ಅನ್ನಿಸಿದ ಕೂಡಲೇ ನನ್ನ ಮೈ ತಣ್ಣಗಾಗುತ್ತದೆ.