ನೀಲವ್ವ ತುಂಬಿದ ಉಡಿ

‘ಸೆರಗ ಒಡ್ಡ್ರಿ ಅಕ್ಕಾರ’ ಎನ್ನುತ್ತ ನೀಲವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಇಟ್ಟುಕೊಂಡು ಎದುರು ನಿಂತಾಗ ನಾನು ಗಾಬರಿಯಾದೆ. ಉಡಿ ತುಂಬುವುದು ಗಂಡನ ಮನೆಗೆ ಹೊರಟ ಮಗಳಿಗೆ. ನನಗಿನ್ನೂ ಮದುವೆಯೇ ಆಗಿರಲಿಲ್ಲ. ನಾನು ಮುನವಳ್ಳಿಯಲ್ಲಿ ಅವರ ಮನೆಯ ಕೋಣೆಯಲ್ಲಿ ಬಾಡಿಗೆಗಿದ್ದ ಕಾಲೇಜು ಟೀಚರ್, ಅಷ್ಟೇ.

ಆಗಷ್ಟೇ ನೆಟ್ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಫೆಲೋಶಿಪ್ ಸಿಕ್ಕಿತ್ತು. ಇತ್ತ ಕಾಲೇಜಿನವರು ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದರು. ಧಾರವಾಡಕ್ಕೆ ಹೋಗಲೋ, ಇಲ್ಲೇ ಪಾಠ ಹೇಳಲೋ ಎಂದು ತಲೆ ಕೆಡಿಸಿಕೊಂಡು, ಕಡೆಗೆ ಅವತ್ತು ಬೆಳಿಗ್ಗೆ ‘ಇಲ್ಲೇ ಇರತೇನ್ರಿ’ ಎಂದು ನೀಲವ್ವನಿಗೆ ಹೇಳಿಬಿಟ್ಟಿದ್ದೆ. ಅವರ ಮಗಳು ಸರೋಜಾ ನನ್ನದೇ ಕೆಮಿಸ್ಟ್ರಿ ಕ್ಲಾಸಿನಲ್ಲಿದ್ದಳು. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

ಅವರು ಉಡಿಗೆ ಅಕ್ಕಿ ಸುರಿಯುತ್ತ ಹೇಳಿದರು: ‘ನಮ್ಮ ಹುಡುಗ್ಯಾರ ಸಲುವಾಗಿ ನೀ ಕಲಿಯೂದು ಬಿಡಬ್ಯಾಡ ಮಗಳ. ಹೋಗಿ ಕಲತ ಬಾ. ಕಲಸಾಕ ಹುಡುಗ್ಯಾರು ಆವಾಗೂ ಇರತಾರ.’

ಅಲ್ಲಿಯವರೆಗೆ ನಾನು ಅವರಿಗೆ ಪಾಠ ಹೇಳುವ ‘ಅಕ್ಕಾರ’ ಆಗಿದ್ದೆ. ಆಮೇಲೆ ಒಂದು ಹಿಡಿ ಅಕ್ಕಿಯನ್ನು ನನ್ನ ಕೈಯಿಂದಲೇ ಮೊರಕ್ಕೆ ತಿರುಗಿ ಹಾಕಿಸಿಕೊಂಡರು. ತವರಿಗೆ ಮತ್ತೆ ಬರಬೇಕಾದ ಮಗಳು ಹಾಗೆ ಬಿಟ್ಟುಹೋಗಬೇಕಂತೆ.

ನಾನು ಧಾರವಾಡದ ಬಸ್ ಹತ್ತಿದೆ. ಪಿಎಚ್.ಡಿ. ಮುಗಿಸಿ, ಮುನವಳ್ಳಿಯಿಂದ ದಿನಾ ಹೋಗಿಬರಬಹುದಾದ ಸವದತ್ತಿಯಲ್ಲಿ ಉಪನ್ಯಾಸಕಿಯಾದ ಸುದ್ದಿ ಹೇಳಲು ಹೋದಾಗ ನೀಲವ್ವನಿಗೆ ಅಚ್ಚರಿಯೇ ಆಗಲಿಲ್ಲ. ತವರಿಗೆ ಬಂದವಳನ್ನು ಕೇಳುವ ಹಾಗೆ, ‘ಎಷ್ಟ ದಿನಾ ಇರತಿ?’ ಎಂದರು.

‘ರಿಟೈರ್ ಆಗೂತನಕಾ, ಯವ್ವಾ’ ಎಂದೆ.