ಕುಂಕುಮದ ಕೆಳಗಿದ್ದ ರಷ್ಯನ್

ಮುಚ್ಚಳ ಹಾರಿದ್ದನ್ನು ನಾನು ನೋಡಲಿಲ್ಲ. ಸದ್ದು ಕೇಳಿತು, ಆಮೇಲೆ ಗೋಡೆಯಲ್ಲಿ ಹೊಸದೊಂದು ಗುಳಿ ಕಂಡಿತು. ಅಂಗೈಯಗಲದ ಉಕ್ಕಿನ ಮುಚ್ಚಳ ನಮ್ಮ ಮೇಸ್ತ್ರಿಯ ತಲೆಗೂ ನನ್ನ ತಲೆಗೂ ನಡುವಿದ್ದ ಎರಡಡಿ ಜಾಗದಲ್ಲಿ ದಾಟಿ ಹೋಗಿತ್ತು. ಏಳು ವಾರವಾಯಿತು. ಈಗಲೂ ಮನೆಯಲ್ಲಿ ಕುಕ್ಕರ್ ಕೂಗಿದರೆ ನನ್ನ ತಲೆ ತಾನಾಗಿ ಎಡಕ್ಕೆ ವಾಲುತ್ತದೆ.

ದೊಡ್ಡನೆಕ್ಕುಂದಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳ ಬಿಡಿಭಾಗ ತರಿಸುವುದು ನನ್ನ ಕೆಲಸ. ಅಲ್ಲಿ ತಗಡು ಒತ್ತಿ ಬಾಗಿಸುವ ಹಳೆಯ ಪ್ರೆಸ್ ಒಂದಿದೆ. ಸೋವಿಯತ್ ಕಾಲದ್ದು. ಯಾವುದೋ ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಬಂತು, ಅದರ ಕೈಪಿಡಿ ಬರಲಿಲ್ಲ. ಅದನ್ನು ನಡೆಸುವ ಮೇಸ್ತ್ರಿ ಹಲಸೂರಿನವರು, ನಿವೃತ್ತಿಗೆ ಹತ್ತಿರವಾದವರು. ಪ್ರೆಸ್ಸನ್ನು ಅವರು ಕರೆಯುವುದು ‘ಮುದುಕಿ’ ಎಂದು.

ಮುದುಕಿಗಾಗಿಯೇ ನಾನು ರಷ್ಯನ್ ಕಲಿತೆ ಎಂದರೆ ಸುಳ್ಳಾಗುತ್ತದೆ. ಕಳೆದ ವರ್ಷ ಕುಕ್ ಟೌನಿನಲ್ಲಿ ಒಂದು ಗೇಟಿಗೆ ಕಟ್ಟಿದ್ದ ಬೋರ್ಡು ನೋಡಿ, ಹೊಸ ಅಕ್ಷರಗಳ ಆಸೆಗೆ ಸೇರಿಕೊಂಡೆ. ಹಳೆಯ ಬಂಗಲೆಯ ವರಾಂಡದಲ್ಲಿ ಶನಿವಾರ ಬೆಳಗಿನ ತರಗತಿ. ಕಲಿಸುವವರು ಹರೆಯದಲ್ಲಿ ಮಾಸ್ಕೋದಲ್ಲಿ ಓದಿ ಬಂದ ಬೆಂಗಳೂರಿನವರೇ. ನಾವು ಮೂರು ಜನ: ರಷ್ಯಾಕ್ಕೆ ಮೆಡಿಕಲ್ ಓದಲು ಹೊರಟ ಹುಡುಗಿ, ಹಳೆಯ ಚೆಸ್ ಪುಸ್ತಕಗಳನ್ನು ಓದಬೇಕೆಂದಿದ್ದ ನಿವೃತ್ತ ಬ್ಯಾಂಕಿನವರು ಮತ್ತು ಯಾಕೆ ಬಂದೆನೆಂದು ಹೇಳಲಾಗದ ನಾನು.

ಆಫೀಸಿನಲ್ಲಿ ಪಕ್ಕದ ಮೇಜಿನವಳು ಬಿಡುತ್ತಿರಲಿಲ್ಲ. “ಜರ್ಮನ್ ಕಲಿ ಮಗಾ, ಒಳ್ಳೆ ಕೆಲ್ಸ ಸಿಗತ್ತೆ. ರಷ್ಯನ್ ಕಲ್ತು ಯಾರ್ ಹತ್ರ ಮಾತಾಡ್ತೀಯಾ? ಮುದುಕಿ ಹತ್ರಾನಾ?”

ನಕ್ಕೆ. ಆದರೆ ಪ್ರಶ್ನೆ ಉಳಿಯಿತು. ಒಂದು ಶನಿವಾರ ಟೀಚರನ್ನೇ ಕೇಳಿದೆ, ಈ ಭಾಷೆಯ ಬಳಕೆ ಇಳಿಯುತ್ತಿದೆಯಾ ಎಂದು. ಅವರು ಬೇಸರ ಮಾಡಿಕೊಳ್ಳಲಿಲ್ಲ.

“ಇಳಿದಿದೆ ಕಣಮ್ಮ. ನಮ್ ಹಾಸ್ಟೆಲಲ್ಲಿ ಉಜ್ಬೆಕ್ ಹುಡುಗಿ, ಜಾರ್ಜಿಯಾದವಳು, ವಿಯೆಟ್ನಾಮಿನವಳು, ನಾನು. ನಾಲ್ಕೂ ಜನ ಜಗಳ ಆಡ್ತಿದ್ದಿದ್ದು ರಷ್ಯನ್ನಲ್ಲಿ. ಈಗ ಅವರ ಮೊಮ್ಮಕ್ಕಳು ನಂಗೆ ಇಂಗ್ಲಿಷಲ್ಲಿ ಮೆಸೇಜ್ ಮಾಡ್ತಾರೆ.”

“ಮತ್ತೆ ಯಾಕೆ ಕಲೀಬೇಕು?”

“ಆಡೋರು ಕಮ್ಮಿ ಆದ್ರೆ ಬರೆದಿಟ್ಟಿದ್ದು ಕಮ್ಮಿ ಆಗತ್ತಾ? ಅದು ಎಲ್ಲೆಲ್ಲಿ ಬಿದ್ದಿದೆಯೋ ನಂಗೂ ಗೊತ್ತಿಲ್ಲ.”

ಚೆನ್ನಾಗಿ ಹೇಳಿದರು ಅನ್ನಿಸಿತು, ಅಷ್ಟೇ. ಕೆ.ಆರ್. ಪುರದಿಂದ ವಾರವಾರ ಆ ಟ್ರಾಫಿಕ್ಕಿನಲ್ಲಿ ಬರುವಷ್ಟು ಚೆನ್ನಾಗಿ ಅಲ್ಲ. ಎರಡನೆಯ ಹಂತಕ್ಕೆ ಸೇರುವುದಿಲ್ಲ ಎಂದು ಮುಂದಿನ ಶನಿವಾರ ಹೇಳಿಬಿಡೋಣ ಎಂದುಕೊಂಡೆ.

ಅಪಘಾತವಾದದ್ದು ಆ ಶನಿವಾರಕ್ಕೆ ಎರಡು ದಿನ ಮೊದಲು, ಗುರುವಾರ. ಪ್ರೆಸ್ಸಿನಿಂದ ಎಣ್ಣೆ ಜಿನುಗುತ್ತಿತ್ತು. ಮುಚ್ಚಳ ತೆಗೆದಾಗ ಒಳಗಿನ ರಬ್ಬರ್ ಸೀಲಿನ ಅಳತೆ ಬರೆದುಕೊಳ್ಳಲು ನಾನು ಹೋಗಿದ್ದೆ. ಮೇಸ್ತ್ರಿ ಕರೆಂಟು ತೆಗೆದರು. ಎದುರಿದ್ದ ಪಂಪಿನ ಮೀಟರಿನ ಮುಳ್ಳು ಸೊನ್ನೆಗೆ ಬಂತು. ಬೋಲ್ಟುಗಳನ್ನು ಬಿಚ್ಚತೊಡಗಿದರು. ಮೂರನೆಯದು ಸಡಿಲವಾದಾಗ ಉಳಿದೊಂದು ಬೋಲ್ಟನ್ನು ಕಿತ್ತುಕೊಂಡು ಮುಚ್ಚಳ ಹಾರಿತು. ಬಿಸಿ ಎಣ್ಣೆ ಛಾವಣಿಗೆ ಚಿಮ್ಮಿತು. “ಮುರುಗಾ!” ಎಂದು ಮೇಸ್ತ್ರಿ ಕುಕ್ಕುರುಗಾಲಲ್ಲಿ ಕೂತವರು, ಕೈಯಲ್ಲಿದ್ದ ಸ್ಪ್ಯಾನರನ್ನು ತುಂಬಾ ಹೊತ್ತು ಕೆಳಗಿಡಲೇ ಇಲ್ಲ.

ಕರೆಂಟು ಹೋದ ಮೇಲೂ ಒತ್ತಡ ಎಲ್ಲಿಂದ ಬಂತು? ಎಲ್ಲರೂ ಅದನ್ನೇ ಕೇಳುತ್ತಿದ್ದರು. ನಾನು ಮಾತ್ರ ಪ್ರೆಸ್ಸಿನ ಎದುರಿದ್ದ ಫಲಕವನ್ನು ನೋಡುತ್ತ ನಿಂತೆ.

ಯಂತ್ರದ ಎದುರಿಗೆ, ನಮ್ಮ ತಲೆಯೆತ್ತರಕ್ಕೆ ಒಂದು ಲೋಹದ ಫಲಕವಿದೆ. ಚಪ್ಪಟೆ, ನುಣುಪು. ಅದೇ ಮುದುಕಿಯ ಹಣೆ. ಪ್ರತಿ ಆಯುಧಪೂಜೆಗೆ ಮೇಸ್ತ್ರಿ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತಾರೆ. ವರ್ಷಗಳ ಕುಂಕುಮ ಎಣ್ಣೆಯ ಜೊತೆ ಸೇರಿ ಗಟ್ಟಿ ಪದರವಾಗಿತ್ತು. ಅಂಚಿನಲ್ಲಿ ನಾಲ್ಕೈದು ಅಕ್ಷರ ಇಣುಕುತ್ತಿದ್ದವು. ಅವು ರಷ್ಯನ್ ಅಕ್ಷರ ಎಂದು ನನಗೆ ತಿಂಗಳುಗಳಿಂದ ಗೊತ್ತಿತ್ತು. ಊಟಕ್ಕೆ ಹೋಗುವಾಗ ದಿನವೂ ಅದರ ಮುಂದೆ ಹಾದಿದ್ದೇನೆ. ಓದಿದ್ದೇನೆಯೇ? ಇಲ್ಲ. ಪೂಜೆಯ ಕುಂಕುಮವನ್ನು ಯಾರಾದರೂ ಒರೆಸುತ್ತಾರೆಯೇ? ಕಂಪನಿಯ ಹೆಸರಿರಬೇಕು ಎಂದುಕೊಂಡೆ. ನಾನು ಮತ್ತೆ ಮತ್ತೆ ಮರಳುವುದು ಹಾರಿದ ಮುಚ್ಚಳಕ್ಕಲ್ಲ, ಆ ಊಟದ ಹೊತ್ತುಗಳಿಗೆ.

“ಅದನ್ನ ಒರೆಸಿ ನೋಡ್ಬೇಕು” ಎಂದೆ.

“ಪೂಜೆದು ಮೇಡಂ ಅದು” ಎಂದರು ಮೇಸ್ತ್ರಿ. ಆಮೇಲೆ ಗೋಡೆಯ ಗುಳಿ ನೋಡಿದರು. ಕಾಟನ್ ವೇಸ್ಟನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಮುದುಕಿಗೆ ಕೈಮುಗಿದು, ತಾವೇ ಒರೆಸಿದರು.

ಪಕ್ಕದ ಮೇಜಿನವಳು ಅನುವಾದದ ಆ್ಯಪ್ ತೆರೆದು ಫೋನಿನ ಕ್ಯಾಮೆರಾ ಹಿಡಿದಳು. ಸವೆದ ಅಕ್ಷರ, ಉಳಿದ ಕೆಂಪು ಕಲೆ. ಅದಕ್ಕೆ ಏನೂ ತಿಳಿಯಲಿಲ್ಲ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ತಡವುತ್ತ ಬರೆದುಕೊಂಡೆ. ‘ಒತ್ತಡ’ ಗೊತ್ತಾಯಿತು, ‘ತೆರೆಯಬೇಡಿ’ ಗೊತ್ತಾಯಿತು. ಉಳಿದದ್ದಕ್ಕೆ ಟೀಚರಿಗೆ ಫೋನು ಮಾಡಿ ಅಕ್ಷರಗಳನ್ನು ಹೇಳಿದೆ. ಅವರು ಓದಿ ಕನ್ನಡದಲ್ಲಿ ಹೇಳಿದರು: ಪಂಪು ನಿಂತ ಮೇಲೂ ಎಣ್ಣೆ ಸಂಗ್ರಹದ ಸಿಲಿಂಡರಿನಲ್ಲಿ ಒತ್ತಡ ಉಳಿದಿರುತ್ತದೆ. ಹಿಂದಿನ ವಾಲ್ವಿನಿಂದ ಅದನ್ನು ಪೂರ್ತಿ ಇಳಿಸುವ ಮೊದಲು ತೆರೆಯಬೇಡಿ.

“ಇಷ್ಟು ವರ್ಷ ಹಣೇಲೇ ಬರ್ಕೊಂಡಿದ್ದಳಲ್ಲ” ಎಂದರು ಮೇಸ್ತ್ರಿ. ಅಲ್ಲಿಯವರೆಗೆ ಸೀಲು ಬದಲಾಯಿಸಿದಾಗೆಲ್ಲ ಭಾನುವಾರದ ರಜೆ ಕಳೆದು ಸೋಮವಾರ ಬಿಚ್ಚಿದ್ದರಂತೆ. ಒಳಗಿನ ಒತ್ತಡ ತಾನೇ ಸೋರಿ ಹೋಗಿರುತ್ತಿತ್ತು. ಈ ಸಲ ಆರ್ಡರಿನ ಅವಸರಕ್ಕೆ ಗುರುವಾರವೇ ಕೈ ಹಾಕಿದ್ದರು.

ಮಾಲೀಕರು ಸೋಮವಾರವೇ ಯಂತ್ರ ಶುರುವಾಗಬೇಕು ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಹಿಂದೆ, ಕೆಳಗೆ, ಗ್ರೀಸಿನಡಿ ಇನ್ನೂ ನಾಲ್ಕು ಫಲಕಗಳಿದ್ದವು. “ಮೇಡಂ ಅದನ್ನೆಲ್ಲಾ ಓದೋವರ್ಗೂ ನಾನ್ ಸ್ಪ್ಯಾನರ್ ಮುಟ್ಟಲ್ಲ ಸಾರ್. ಮೊಮ್ಮಗಳ ಮದ್ವೆ ನೋಡ್ಬೇಕು ನಾನು.”

ಆ ಶನಿವಾರ ಕುಕ್ ಟೌನಿಗೆ, ಆ ಫಲಕಗಳ ಅಕ್ಷರ ಬರೆದುಕೊಂಡಿದ್ದ ನಾಲ್ಕು ಹಾಳೆ ತೆಗೆದುಕೊಂಡು ಹೋದೆ. ಬಿಡುತ್ತೇನೆ ಎಂದು ಹೇಳಲಿಲ್ಲ. ಚೆಸ್ಸಿನವರು ಕನ್ನಡಕ ಏರಿಸಿದರು, ಮೆಡಿಕಲ್ ಹುಡುಗಿ ನಿಘಂಟು ತೆರೆದಳು. ಒಂದು ಫಲಕದ ಪದವೊಂದು ಟೀಚರಿಗೂ ಗೊತ್ತಿರಲಿಲ್ಲ. ಅವರು ಜಾರ್ಜಿಯಾದ ಗೆಳತಿಗೆ ಫೋನು ಮಾಡಿದರು. ಆ ಕಡೆಯ ಮುದಿ ದನಿ ಜೋರಾಗಿ ನಕ್ಕು, ಆ ಪದದ ಅರ್ಥವನ್ನು ರಷ್ಯನ್ನಲ್ಲೇ ಬಿಡಿಸಿ ಹೇಳಿತು. ಅದನ್ನು ಕೇಳುವಾಗ, ಭಾಷೆ ಇಳಿಯುತ್ತಿದೆಯಾ ಎಂಬ ನನ್ನ ಪ್ರಶ್ನೆ ತಪ್ಪಲ್ಲ, ಆದರೆ ನಾನು ಕೇಳಬೇಕಾದದ್ದು ಅದೊಂದೇ ಅಲ್ಲ ಅನ್ನಿಸಿತು. ಈ ಊರಿನಲ್ಲಿ ಇನ್ನೆಷ್ಟು ಯಂತ್ರಗಳ ಹಣೆಯ ಮೇಲೆ ಏನೇನು ಬರೆದಿರಬಹುದು?

ಬುಧವಾರ ಮುಚ್ಚಳ ಮತ್ತೆ ತೆಗೆಯಬೇಕಾಗಿತ್ತು, ಹೊಸ ಬೋಲ್ಟು, ಸೀಲು ಹಾಕಿ ಒಂದು ಸಲ ಯಂತ್ರ ನಡೆಸಿದ ಮೇಲೆ, ಸೀಲು ಸರಿಯಾಗಿ ಕೂತಿದೆಯೇ ಎಂದು ನೋಡಲು. ಮೇಸ್ತ್ರಿ ಕರೆಂಟು ತೆಗೆದು ಹಿಂದಿನ ವಾಲ್ವಿನ ಹತ್ತಿರ ಕೂತರು.

“ಓದಿ ಮೇಡಂ.”

ಕನ್ನಡದಲ್ಲಿ ಓದಿದೆ.

“ಅದಲ್ಲ. ರಷ್ಯನ್ನಲ್ಲಿ ಓದಿ. ಅವಳಿಗೂ ಕೇಳ್ಲಿ.”

ಪಕ್ಕದ ಮೇಜಿನವಳು ಬಾಗಿಲಲ್ಲಿ ನಿಂತಿದ್ದಳು. ನಗಲಿಲ್ಲ. ನಾನು ಫಲಕದ ಮುಂದೆ ನಿಂತು, ಶಾಲೆಯ ಹುಡುಗಿಯಂತೆ, ತಡವರಿಸುತ್ತ ಓದಿದೆ. ಮೇಸ್ತ್ರಿ ವಾಲ್ವು ತಿರುಗಿಸಿದರು. ಬುಸ್ಸೆಂದು ಶುರುವಾದ ಸದ್ದು ನಿಧಾನವಾಗಿ ಸಣ್ಣದಾಯಿತು. ವಾಲ್ವಿನ ಪಕ್ಕ, ಗ್ರೀಸು ಒರೆಸಿದಾಗ ಕಂಡಿದ್ದ ಇನ್ನೊಂದು ಮೀಟರಿನ ಮುಳ್ಳು ಇಳಿದು ನಿಂತ ಮೇಲೂ ಅವರು ಕಾದರು. ಆಮೇಲೆ ಬೋಲ್ಟುಗಳನ್ನು ಬಿಚ್ಚಿ ಮುಚ್ಚಳವನ್ನು ಕೈಯಲ್ಲಿ ಎತ್ತಿಕೊಂಡರು. ಒಂದು ಹನಿ ಎಣ್ಣೆ ನೆಲಕ್ಕೆ ಬಿತ್ತು, ಅಷ್ಟೇ.

ನನ್ನ ತಲೆ ಆಗಲೇ ಎಡಕ್ಕೆ ವಾಲಿತ್ತು.